‘ಜ್ಯೋತಿರ್ವರ್ಷ’ ಯಾವ ವರ್ಷ? ಜೊತೆಗೆ ‘ವಾರ್ಪ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಗೆಳೆಯರ ಮಕ್ಕಳಿಗೋಸ್ಕರ ಸ್ಟಾರ್ ಟ್ರೆಕ್ ಅನ್ನುವ, ನಕ್ಷತ್ರಗಳ ನಡುವೆ ಓಡಾಡುವ ನೌಕೆಗಳ ಇಂಗ್ಲಿಷ್ ಟಿವಿ ಸರಣಿಗಳ ಕಥೆಯನ್ನು ಕನ್ನಡದಲ್ಲಿ ಚಿಕ್ಕದಾಗಿ ಬರೆದುಕೊಡುತ್ತಿದ್ದೇನೆ. ವಾರಕ್ಕೊಂದು ಪುಟ, ಅಷ್ಟೇ. ಸುಲಭ ಅಂದುಕೊಂಡಿದ್ದೆ. ಮೂರನೇ ವಾರಕ್ಕೇ ಪದಗಳಲ್ಲಿ ಸಿಕ್ಕಿಹಾಕಿಕೊಂಡೆ.

ಮೊದಲನೆಯದು ‘ಜ್ಯೋತಿರ್ವರ್ಷ’. 1995ರಲ್ಲಿ ಶುರುವಾದ ‘ವಾಯೇಜರ್’ ಸರಣಿಯಲ್ಲಿ ಒಂದು ನೌಕೆ ಊರಿನಿಂದ 70,000 ಜ್ಯೋತಿರ್ವರ್ಷ ಆಚೆ ಹೋಗಿ ಬೀಳುತ್ತದೆ. ಪೂರ್ತಿ ವೇಗದಲ್ಲಿ ಹೊರಟರೂ ವಾಪಸ್ ಬರಲು 75 ವರ್ಷ ಬೇಕು ಅನ್ನುತ್ತಾರೆ. ನಾನೂ ಹಾಗೇ ಬರೆದೆ: ‘ಊರು 70,000 ಜ್ಯೋತಿರ್ವರ್ಷ ದೂರ, ತಲುಪಲು 75 ವರ್ಷ.’ ಅಮ್ಮ ಓದಿದರು. ಕನ್ನಡಕ ತೆಗೆದು ಪುಟದ ಮೇಲಿಟ್ಟು, “ಎಪ್ಪತ್ತು ಸಾವಿರ ವರ್ಷದ್ದು ಎಪ್ಪತ್ತೈದು ವರ್ಷಕ್ಕೆ ಹೇಗೆ ಮುಗಿಯುತ್ತೋ? ದೇವತೆಗಳ ವರ್ಷ, ಮನುಷ್ಯರ ವರ್ಷ ಅಂತಾರಲ್ಲ, ಆ ಲೆಕ್ಕಾನಾ?” ಅಂದರು.

ನಗು ಬಂತು, ಆದರೆ ತಪ್ಪು ಅವರದಲ್ಲ. ‘ಮನೆಕೆಲಸ’ ಅಂದರೆ ಅದು ಕೆಲಸ, ‘ಮಳೆಗಾಲ’ ಅಂದರೆ ಅದು ಕಾಲ. ಕೊನೆಗೆ ಬಂದ ಪದವೇ ಯಜಮಾನ. ಹಾಗಿದ್ದಮೇಲೆ ಜ್ಯೋತಿರ್ವರ್ಷ ಅನ್ನುವುದು ಯಾವುದೋ ಬಗೆಯ ವರ್ಷವೇ ಆಗಬೇಕು, ಅಲ್ವಾ? ಅದು ಬೆಳಕು ಒಂದು ವರ್ಷದಲ್ಲಿ ಸಾಗುವ 9.46 ಲಕ್ಷ ಕೋಟಿ ಕಿಲೋಮೀಟರ್ ದೂರ ಅಂತ ಗೊತ್ತಿದ್ದವರೂ ಮಾತಿನ ಭರದಲ್ಲಿ ‘ಜ್ಯೋತಿರ್ವರ್ಷಗಳ ಹಿಂದೆ’ ಅಂದುಬಿಡುತ್ತಾರೆ. ‘ಬೆಳಕಿನ ವರ್ಷ’ ಅಂತ ಬಿಡಿಸಿ ಬರೆದರೂ ರೋಗ ಅದೇ.

ಹಾಗಂತ ಕಾಲದಲ್ಲಿ ದೂರ ಹೇಳುವುದು ನಮಗೆ ಹೊಸದೇನಲ್ಲ. ‘ಬಸ್ಸಲ್ಲಿ ಎರಡು ಗಂಟೆ ದಾರಿ’, ‘ನಡೆದರೆ ಒಂದು ದಿನದ ದಾರಿ’ ಅನ್ನುತ್ತೇವಲ್ಲ. ‘ದಾರಿ’ ಸೇರಿಸಿದ ಕೂಡಲೇ ಗೊಂದಲ ಹೋಯಿತು. ಈಗ ಹೀಗೆ ತಿದ್ದಿದ್ದೇನೆ: ‘ಬೆಳಕಿಗೆ 70,000 ವರ್ಷದ ದಾರಿ, ಈ ನೌಕೆಗೆ 75 ವರ್ಷದ ದಾರಿ.’ ಅಮ್ಮ “ಹಾಗನ್ನು ಮತ್ತೆ!” ಅಂದರು. ನೌಕೆ ಬೆಳಕಿಗಿಂತ 930 ಪಟ್ಟು ಮುಂದೆ ಅನ್ನುವುದೂ ಆ ವಾಕ್ಯದಲ್ಲೇ ಬಂದುಬಿಡುತ್ತದೆ. ತೊಂದರೆ ಏನಂದರೆ ಇದು ಉದ್ದ. ಪ್ರತಿ ಸಾಲಿನಲ್ಲೂ ಎಳೆಯೋಕಾಗಲ್ಲ.

ಎರಡನೆಯದು ‘ವಾರ್ಪ್’. ಬೆಳಕನ್ನೂ ಹಿಂದೆ ಹಾಕಲು ಈ ನೌಕೆಗಳು ಬಳಸುವ ಉಪಾಯಕ್ಕೆ ಸರಣಿಯಲ್ಲಿಟ್ಟ ಹೆಸರು ಅದು, ಜೊತೆಗೆ ಬರುವ ಸಂಖ್ಯೆ ವೇಗದ ಮಟ್ಟ. ನಿಘಂಟು ತೆಗೆದರೆ ಮೊದಲು ಸಿಗುವುದು ಮಗ್ಗದ ‘ಹಾಸು’. ಹಾಸುಹೊಕ್ಕು ಅನ್ನುವಲ್ಲಿನ ಹಾಸು. ‘ಹಾಸು ಒಂಬತ್ತರಲ್ಲಿ ಹೊರಡಿ’ ಅಂತ ಕ್ಯಾಪ್ಟನ್ ಬಾಯಲ್ಲಿ ಹೇಳಿಸಿ ನೋಡಿದೆ. ಸೀರೆ ನೇಯಲು ಹೊರಟ ಹಾಗಿತ್ತು. ಇಲ್ಲಿ ಬೇಕಾದ ಅರ್ಥ ಬೇರೆ. ಮಳೆಗಾಲದಲ್ಲಿ ಬಾಗಿಲಿನ ಹಲಗೆ ಸೊಟ್ಟಗಾಗುತ್ತಲ್ಲ, ಆ ಅರ್ಥ. ನೌಕೆ ತನ್ನ ಸುತ್ತಲಿನ ಜಾಗವನ್ನೇ ಬಾಗಿಸಿಕೊಂಡು ಹೋಗುತ್ತದೆ, ಬೆಳಕಿನ ಜೊತೆ ನೇರ ಓಟಕ್ಕೆ ಇಳಿಯುವುದಿಲ್ಲ.

ಇಲ್ಲಿ ಕನ್ನಡ ಒಂದು ಒಳ್ಳೇ ಉಪಕಾರ ಮಾಡಿದೆ. ‘ವೇಗ’ದ ತದ್ಭವ ‘ಬೇಗ’. ಮೂಲ ಒಂದೇ, ಆದರೆ ಈಗ ಎರಡೂ ಬೇರೆ. ಒಬ್ಬ ಹೆದ್ದಾರಿಯಲ್ಲಿ ವೇಗವಾಗಿ ಹೋಗುತ್ತಾನೆ, ಇನ್ನೊಬ್ಬ ಗದ್ದೆ ಬದುವಿನ ಒಳದಾರಿ ಹಿಡಿದು ಆರಾಮಾಗಿ ನಡೆದು ಅವನಿಗಿಂತ ಬೇಗ ತಲುಪುತ್ತಾನೆ. ವಾರ್ಪ್ ಈ ಎರಡನೆಯವನ ಕೆಲಸ. ಅದಕ್ಕೇ ನಾನು ‘ಬೆಳಕಿಗಿಂತ ವೇಗವಾಗಿ’ ಬಿಟ್ಟು ‘ಬೆಳಕಿಗಿಂತ ಬೇಗ’ ಅಂತ ಬರೆಯುತ್ತಿದ್ದೇನೆ. ಸಂಖ್ಯೆಯ ಮುಂದೆ ಮಾತ್ರ ‘ವಾರ್ಪ್ 6’ ಅಂತಲೇ ಇಟ್ಟಿದ್ದೇನೆ, ಅದು ಹೆಸರಿದ್ದ ಹಾಗೆ.

ಆದರೆ ಆ ಸಂಖ್ಯೆಯನ್ನೂ ನಂಬುವ ಹಾಗಿಲ್ಲ. 1966ರ ಮೊದಲ ಸರಣಿಯ ಲೆಕ್ಕ ಸುಲಭ, ಸಂಖ್ಯೆಯ ಘನ ತೆಗೆದರೆ ಆಯಿತು. ವಾರ್ಪ್ 6 ಅಂದರೆ ಬೆಳಕಿನ 216 ಪಟ್ಟು, ವಾರ್ಪ್ 9 ಅಂದರೆ 729 ಪಟ್ಟು. 1987ರ ಸರಣಿಗೆ ಅಳತೆಗೋಲನ್ನೇ ಬದಲಾಯಿಸಿ, 10 ಅಂದರೆ ಅನಂತ ವೇಗ ಅಂದರು. ಅದೇ ವಾರ್ಪ್ 9 ಈಗ ಸುಮಾರು 1,516 ಪಟ್ಟು.

ಇನ್ನೂ ಮಜಾ 2001ರ ‘ಎಂಟರ್‌ಪ್ರೈಸ್’ನ ಮೊದಲ ಕಂತಿನದು. ವಾರ್ಪ್ 4.5ರಲ್ಲಿ ನೆಪ್ಚೂನ್‌ಗೆ ಹೋಗಿ ಬರೋಕೆ ಆರು ನಿಮಿಷ ಅನ್ನುತ್ತಾರೆ. ಪೆನ್ನು ಹಿಡಿದು ಕೂತೆ. 4.5ರ ಘನ 91. ಬೆಳಕು ನೆಪ್ಚೂನ್‌ಗೆ ಹೋಗಿ ಬರಲು ಎಂಟು ಗಂಟೆ ಚಿಲ್ಲರೆ, ಅಂದರೆ ಹೆಚ್ಚುಕಡಿಮೆ 500 ನಿಮಿಷ. 91ರಿಂದ ಭಾಗಿಸಿದರೆ ಐದೂವರೆ. ಭೇಷ್! ಯಾರೋ ನಿಜವಾಗಿ ಲೆಕ್ಕ ಹಾಕಿದ್ದಾರೆ ಅಂತ ಖುಷಿಯಾಯಿತು. ಅದೇ ಕಂತಿನಲ್ಲಿ, ಕ್ಲಿಂಗಾನರು ಅನ್ನುವ ಅನ್ಯಗ್ರಹದವರ ತವರಿಗೆ ನಾಲ್ಕು ದಿನದ ಪ್ರಯಾಣವಂತೆ. ನಾಲ್ಕು ದಿನವನ್ನು 91ರಿಂದ ಗುಣಿಸಿದರೆ 364. ಅಂದರೆ ಬೆಳಕಿಗೆ ಒಂದು ವರ್ಷದ ದಾರಿ. ನಮ್ಮ ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರವೇ ಬೆಳಕಿಗೆ ನಾಲ್ಕು ವರ್ಷಕ್ಕೂ ಮೀರಿದ ದಾರಿ! ಆ ನೌಕೆಯ ಪರಮಾವಧಿ ವಾರ್ಪ್ 5 ಹಿಡಿದರೂ ಒಂದೂವರೆ ವರ್ಷದ ದಾರಿ ಮುಟ್ಟಲ್ಲ. ಪಾಪ, ಲೆಕ್ಕದ ಪ್ರಕಾರ ಅವರು ಏನೂ ಇಲ್ಲದ ಕತ್ತಲಲ್ಲಿ ನಿಂತಿರಬೇಕಿತ್ತು.

ವಾಯೇಜರ್‌ನಲ್ಲೂ ಒಮ್ಮೆ ವಾರ್ಪ್ 9.9 ಅಂದರೆ ಸೆಕೆಂಡಿಗೆ ಸುಮಾರು 400 ಕೋಟಿ ಮೈಲಿ ಅನ್ನುತ್ತಾರೆ. ಅದು ಬೆಳಕಿನ 21,000 ಪಟ್ಟಿಗೂ ಜಾಸ್ತಿ. ಆ ವೇಗ ಕೊನೇವರೆಗೂ ಹಿಡಿದಿದ್ದರೆ 75 ವರ್ಷದ ದಾರಿ ಮೂರೂಕಾಲು ವರ್ಷಕ್ಕೆ ಮುಗಿಯುತ್ತಿತ್ತು. ಸರಣಿ ಓಡಿದ್ದು ಏಳು ವರ್ಷ. (ಅಷ್ಟು ವೇಗ ಜಾಸ್ತಿ ಹೊತ್ತು ತಾಳಲ್ಲ ಅಂತ ಅಭಿಮಾನಿಗಳು ವಾದಿಸಬಹುದು. ವಾದಿಸಲಿ.)

ಇದಕ್ಕೆಲ್ಲ ಕಾರಣ ಗುಟ್ಟೇನಲ್ಲ. ಜಗಳ ಈ ಕಂತಿನಲ್ಲೇ ಆಗಬೇಕಿದ್ದರೆ ಶತ್ರುವಿನ ಊರು ಹತ್ತಿರ. ಸಹಾಯ ಬರಬಾರದು ಅಂದರೆ ಬೇರೆ ನೌಕೆಗಳೆಲ್ಲ ದೂರ. ನಮ್ಮಲ್ಲಿ ‘ಕೂಗಳತೆ ದೂರ’ ಅಂತ ಒಂದು ಪದ ಇದೆಯಲ್ಲ, ಕೂಗಿದರೆ ಕೇಳುವಷ್ಟು ದೂರ. ಯಾರು ಕೂಗಿದರು, ಗಾಳಿ ಯಾವ ಕಡೆಗಿತ್ತು ಅನ್ನುವುದರ ಮೇಲೆ ಅದೂ ಹಿಗ್ಗುತ್ತದೆ, ಕುಗ್ಗುತ್ತದೆ. ಅದೇ ಅಚ್ಚಿನಲ್ಲಿ, ಕಥೆಗೆ ಬೇಕಾದ ಹಾಗೆ ಹಿಗ್ಗುವ ಕುಗ್ಗುವ ಈ ದೂರಕ್ಕೆ ‘ಕಥೆಯಳತೆ’ ಅನ್ನಬಹುದೇ? ‘ಕ್ಲಿಂಗಾನರ ತವರು ಭೂಮಿಯಿಂದ ಕಥೆಯಳತೆ ದೂರದಲ್ಲಿದೆ.’ ನನಗಂತೂ ಹಿಡಿಸಿತು, ಆದರೆ ಸ್ವಂತ ಕೂಸು ಯಾರಿಗೆ ತಾನೇ ಚೆನ್ನಾಗಿ ಕಾಣಲ್ಲ?

ಕೇಳಬೇಕಾದದ್ದು ಇಷ್ಟು. ‘ಬೆಳಕಿಗೆ ಇಷ್ಟು ವರ್ಷದ ದಾರಿ’ ಅನ್ನುವುದನ್ನು ಒಂದೇ ಪದಕ್ಕೆ ಇಳಿಸಬಹುದೇ? ‘ಬೆಳಕಳತೆ’ ಅಂತ ಯೋಚಿಸಿದೆ, ಆದರೆ ಕೇಳಿದವರು ಅದನ್ನು ಬೆಳಕನ್ನೇ ಅಳೆಯುವುದು ಅಂದುಕೊಂಡರು. ‘ಬೇಗ’ದ ವಿಷಯದಲ್ಲಿ ನಿಮ್ಮ ಕಡೆಯ ಮಾತಿನಲ್ಲಿ ವೇಗ, ಬೇಗ ಇನ್ನೂ ಒಂದೇ ಅರ್ಥದಲ್ಲಿ ಬಳಕೆಯಲ್ಲಿದೆಯೇ? ಇದ್ದರೆ ನನ್ನ ಒಳದಾರಿಯ ವಾದ ಅಲ್ಲಿ ನಿಲ್ಲಲ್ಲ. ಇನ್ನು ಹಲಗೆ ಸೊಟ್ಟಗಾಗುವುದಕ್ಕೆ ಬಡಗಿಗಳು ಹೇಳುವ ಪದ ಯಾರಿಗಾದರೂ ಗೊತ್ತಿದ್ದರೆ ಶನಿವಾರದೊಳಗೆ ತಿಳಿಸಿ. ಭಾನುವಾರ ಮುಂದಿನ ಪುಟ ಕೊಡಬೇಕು, ಈ ಸಲವೂ ಅಮ್ಮ ಮೊದಲೇ ಓದುತ್ತಾರೆ.