ಅಣ್ಣನ ಮಗಳ ಪ್ರಾಜೆಕ್ಟ್ ಹಾಳೆ: ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ಅಣ್ಣ (ಪುಣೆ ಬಳಿಯ ಚಿಂಚವಡ): ಮಗಳ ಮೊದಲ ಸೆಮಿಸ್ಟರ್‌ನ ಪ್ರಾಜೆಕ್ಟ್ ಹಾಳೆಯ ಫೋಟೊ ಹಾಕಿದ್ದೇನೆ. ಕಂಪ್ಯೂಟರ್ ಸೈನ್ಸ್‌ಗೆ ಸೇರಿದವಳಿಗೆ ಮಂಗನ ಕಾಯಿಲೆಯ ವೈರಸ್ಸಿನ ಜೀನೋಮ್ (ಅದರ ಇಡೀ ಆನುವಂಶಿಕ ಬರಹ) ಓದುವ ಪೈಥಾನ್ ಪ್ರೋಗ್ರಾಂ ಬರೆಯಲು ಹೇಳಿದ್ದಾರೆ. ಜೀವಶಾಸ್ತ್ರ ಬೇಡವೆಂದೇ ಅವಳು ಹನ್ನೊಂದನೆಯ ತರಗತಿಯಲ್ಲಿ ಅದನ್ನು ಬಿಟ್ಟಿದ್ದಳು.

ಭಾವ (ಹಿಂಜವಡಿ): ಇದು ಸರಿಯಲ್ಲ. ಲೂಪ್, ಫಂಕ್ಷನ್‌ನಂಥ ಪ್ರೋಗ್ರಾಮಿಂಗ್‌ನ ಮೊದಲ ಪಾಠಗಳೇ ಇನ್ನೂ ಕೈಹತ್ತದ ಮಕ್ಕಳ ಮೇಲೆ ಕೋಡಾನ್ (ಜೀನೋಮಿನ ಮೂರಕ್ಷರದ ಪದ), ಅಮೈನೋ ಆಮ್ಲ (ಪ್ರೋಟೀನ್ ಸರಪಳಿಯ ಕೊಂಡಿ) ಇವುಗಳ ಹೊರೆಯನ್ನೂ ಹೇರಿದರೆ ಎರಡೂ ಅರ್ಧಂಬರ್ಧವಾಗುತ್ತವೆ. ಕೆಲಸಕ್ಕೆ ಬರುವ ಹೊಸಬರಲ್ಲಿ ನಾವು ನೋಡುವುದು ತರ್ಕವನ್ನು; ಬ್ಯಾಂಕ್ ಖಾತೆಯ ಲೆಕ್ಕ ಬರೆಸಿದರೂ ಅದು ಬರುತ್ತದೆ.

ನಾನು: ಭಾವ, ಐದು ಜಮೆ, ಮೂರು ಖರ್ಚುಗಳ ಖಾತೆಗೆ ಪ್ರೋಗ್ರಾಂ ಏಕೆ ಬೇಕೆಂದು ವಿದ್ಯಾರ್ಥಿಗೆ ಅನ್ನಿಸುವುದೇ ಇಲ್ಲ, ಏಕೆಂದರೆ ಉತ್ತರ ಅವನಿಗೆ ಮೊದಲೇ ಗೊತ್ತು. ಈ ವೈರಸ್ಸಿನ ಜೀನೋಮ್ ಸುಮಾರು 11,000 ಅಕ್ಷರಗಳದ್ದು, ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಜೀನೋಮ್ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತದೆ, ಬೆರಳಿಟ್ಟು ಎಣಿಸಲಾಗದು. ಬೇಕಾದ ಜೀವಶಾಸ್ತ್ರವಾದರೂ ಎಷ್ಟು? ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರ, ಮೂರಕ್ಷರಕ್ಕೊಂದು ಕೋಡಾನ್, ಒಟ್ಟು 64 ಕೋಡಾನ್, 20 ಅಮೈನೋ ಆಮ್ಲ, 'ನಿಲ್ಲು' ಎನ್ನುವ ಮೂರು ಕೋಡಾನ್. ಒಂದು ಪುಟ ಸಾಕು.

ಅಣ್ಣ: 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಈ ಮಂಗನ ಕಾಯಿಲೆಯನ್ನು ಗುರುತಿಸಿದವರು ಇದೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಆ ಸಂಸ್ಥೆಯೇ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಅದು ಹೆಮ್ಮೆಯ ಮಾತೇ, ಆದರೆ ಮಗಳು ಪ್ರೋಗ್ರಾಮಿಂಗ್ ಕಲಿಯುತ್ತಾಳೆಯೇ ಎಂಬುದು ನನ್ನ ಚಿಂತೆ.

ನಾನು: ಅಣ್ಣ, ಪ್ರೋಗ್ರಾಮಿಂಗ್ ಕಲಿಸುವ ನಾನು ತರಗತಿಯಲ್ಲಿ ಕಾಣುವುದನ್ನು ಹೇಳುತ್ತೇನೆ. ಹೊಸಬರು ಅಕ್ಷರಗಳ ಸ್ಥಾನದ ಎಣಿಕೆಯನ್ನು ಸೊನ್ನೆಯಿಂದ ಶುರುಮಾಡಬೇಕೋ ಒಂದರಿಂದಲೋ ಎಂದು ತಡವರಿಸುತ್ತಾರೆ. ಈ ವೈರಸ್ಸಿನಲ್ಲಿ ಸರಿಯಾದ ಎಟಿಜಿಯಿಂದ, ಅಂದರೆ 'ಶುರುಮಾಡು' ಎನ್ನುವ ಕೋಡಾನ್‌ನಿಂದ, ಮೂರು ಮೂರಾಗಿ ಓದಿದರೆ ಮೂರು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಒಂದೇ ಉದ್ದದ ಸರಪಳಿ ಬರುತ್ತದೆ. ಒಂದಕ್ಷರ ಅತ್ತಿತ್ತ ಸರಿದರೆ 'ನಿಲ್ಲು' ಕೋಡಾನ್‌ಗಳು ಅಡಿಗಡಿಗೆ ಎದುರಾಗಿ ಸರಪಳಿ ತುಂಡುತುಂಡಾಗುತ್ತದೆ. ತಪ್ಪು ಎಲ್ಲಿದೆಯೆಂದು ಮೇಷ್ಟ್ರು ಹೇಳಬೇಕಿಲ್ಲ, ಫಲಿತಾಂಶವೇ ಹೇಳುತ್ತದೆ. ಹಾಳೆಯ ಎರಡನೆಯ ಪ್ರಶ್ನೆ ಇನ್ನೂ ಚೆನ್ನಾಗಿದೆ. ಪೂರಕ ಎಳೆ, ಅಂದರೆ 'ಎ'ಗೆ 'ಟಿ', 'ಜಿ'ಗೆ 'ಸಿ' ಹೀಗೆ ಜೋಡಿ ಅಕ್ಷರಗಳ ಸಾಲು, ಬರೆಯಲು ಬಹಳ ಮಂದಿ ಮೊದಲು ಎಲ್ಲ 'ಎ'ಗಳನ್ನು 'ಟಿ' ಮಾಡಿ, ಬಳಿಕ ಎಲ್ಲ 'ಟಿ'ಗಳನ್ನು 'ಎ' ಮಾಡುತ್ತಾರೆ. ಕೊನೆಗೆ ಒಂದು 'ಟಿ'ಯೂ ಉಳಿಯುವುದಿಲ್ಲ. ಹಾಗಾದಾಗಲೇ ಒಂದೊಂದು ಅಕ್ಷರವನ್ನೂ ನೋಡಿ ಡಿಕ್ಷನರಿಯಿಂದ (ಪೈಥಾನ್‌ನ ಜೋಡಿಪಟ್ಟಿ) ಅದರ ಜೋಡಿಯನ್ನು ಎತ್ತಿಕೊಳ್ಳಬೇಕೆಂಬುದು ಮನಸ್ಸಿಗೆ ನಾಟುತ್ತದೆ. ಇದು ಅಪ್ಪಟ ಪ್ರೋಗ್ರಾಮಿಂಗ್, ಭಾವ.

ಅಣ್ಣನ ಮಗಳು: ಅತ್ತೆ, ಪ್ರೋಗ್ರಾಂ ಬರೆಯುವುದು ನನಗೆ ಇಷ್ಟವಾಗಿದೆ. ಆದರೆ ಮೌಖಿಕ ಪರೀಕ್ಷೆಯಲ್ಲಿ ವೈರಸ್ಸಿನ ರಚನೆಯನ್ನೂ ಕೇಳುತ್ತಾರಂತೆ, ಅದಕ್ಕೂ ಅಂಕವಿದೆ.

ಭಾವ: ನೋಡಿದೆಯಾ ತಂಗಿ, ನಾನು ಹೇಳಿದ್ದು ಇದನ್ನೇ. ಹನ್ನೆರಡರವರೆಗೆ ಜೀವಶಾಸ್ತ್ರ ಓದಿದವರು ಅಲ್ಲಿ ಸುಮ್ಮನೆ ಮುಂದೆ ಹೋಗುತ್ತಾರೆ.

ನಾನು: ಅದನ್ನು ನಾನೂ ಒಪ್ಪುವುದಿಲ್ಲ. ಅಂಕವೆಲ್ಲ ಪ್ರೋಗ್ರಾಮಿಗೇ ಇರಬೇಕು. ಜೀವಶಾಸ್ತ್ರದ ಪುಟವನ್ನು ಪರೀಕ್ಷೆಯಲ್ಲೂ ಮುಂದಿಟ್ಟುಕೊಂಡು ಬರೆಯಲು ಬಿಡಬೇಕು. ಮಗಳೇ, ನಿಮ್ಮ ಮೇಡಂಗೆ ಸಹಪಾಠಿಗಳೆಲ್ಲ ಸೇರಿ ಒಂದು ಮನವಿ ಬರೆಯಿರಿ. ಕರಡನ್ನು ನನಗೆ ಕಳಿಸು, ನೋಡಿಕೊಡುತ್ತೇನೆ.

ಭಾವ: ಆ ಬದಲಾವಣೆ ಆದರೆ ಈ ಪ್ರಾಜೆಕ್ಟಿಗೆ ನನ್ನ ವಿರೋಧವಿಲ್ಲ. ಆದರೂ ಇಡೀ ಸೆಮಿಸ್ಟರ್ ಇದೊಂದೇ ವಿಷಯದ ಮೇಲೆ ನಡೆಯಬಾರದು ಎಂಬ ಮಾತನ್ನು ನಾನು ಬಿಡುವುದಿಲ್ಲ.