ಗುಳೆ ಹೋದವರ ದುಡ್ಡು ಸಂಸತ್ತಿನ ಕಣ್ಣು ತಪ್ಪುವುದು ಎಲ್ಲಿ?

ಸದನಸಾಕ್ಷಿ:
ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರಲ್ಲಿ ಎಷ್ಟು ಜನ ಸತ್ತರು ಎಂದು ಲೋಕಸಭೆಯಲ್ಲಿ ಕೇಳಲಾಗಿತ್ತು. 2020ರ ಸೆಪ್ಟೆಂಬರ್ 14ರಂದು ಕಾರ್ಮಿಕ ಸಚಿವಾಲಯ ಕೊಟ್ಟ ಲಿಖಿತ ಉತ್ತರ: ಅಂಥ ಅಂಕಿಅಂಶ ಇಟ್ಟಿಲ್ಲ. ಲೆಕ್ಕ ಇಲ್ಲದ ಮೇಲೆ ಪರಿಹಾರದ ಮಾತೂ ಏಳಲಿಲ್ಲ. ಒಂದು ಕೋಟಿಗೂ ಹೆಚ್ಚು ಜನ ಊರಿಗೆ ಮರಳಿದ್ದಾರೆ ಎಂಬುದನ್ನು ಮಾತ್ರ ಸರ್ಕಾರ ಅದೇ ಅಧಿವೇಶನದಲ್ಲಿ ಹೇಳಿತು. ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯೇ ಇರಲಿಲ್ಲ. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಸಿಗುತ್ತಿತ್ತು, ಎದ್ದು ನಿಂತು ಉಪಪ್ರಶ್ನೆ ಹಾಕಲು ದಾರಿ ಇರಲಿಲ್ಲ.

ನನ್ನ ವಾದ ಇಷ್ಟು. ಹಣದ ಮೇಲೆ ಸದನದ ಹಿಡಿತ ಬಹಳ ಸಡಿಲವಾಗಿದೆ, ಆದರೆ ಸಮಿತಿಗಳು ಕೆಲಸ ಮಾಡುತ್ತವೆ. 2018-19ರಲ್ಲೂ 2023-24ರಲ್ಲೂ ಲೋಕಸಭೆಯಲ್ಲಿ ಒಂದೇ ಒಂದು ಸಚಿವಾಲಯದ ಅನುದಾನ ಬೇಡಿಕೆಯೂ (ಖರ್ಚಿಗೆ ಹಣ ಕೇಳುವ ಪ್ರಸ್ತಾವ) ಚರ್ಚೆಗೆ ಬರಲಿಲ್ಲ, ಎಲ್ಲವೂ ಗಿಲೋಟಿನ್‌ಗೆ, ಅಂದರೆ ಚರ್ಚೆಯಿಲ್ಲದೆ ಒಟ್ಟಿಗೇ ಮತಕ್ಕೆ, ಹೋದವು. ಸಚಿವಾಲಯದ ಕೆಲಸ ಪರಿಶೀಲಿಸುವ ಸಂಸದರ ಕಾರ್ಮಿಕ ಸ್ಥಾಯಿ ಸಮಿತಿಯಾದರೋ 2021ರ ವರದಿಯಲ್ಲಿ ನೇರವಾಗಿಯೇ ಬರೆಯಿತು: ವಲಸಿಗರ ವಿವರ ಕೊಡಿ ಎಂದು ರಾಜ್ಯಗಳಿಗೆ ಪತ್ರ ಬರೆಯಲು ಸಚಿವಾಲಯ 2020ರ ಜೂನ್‌ವರೆಗೆ ಕಾಯಿತು, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಇಂಥ ಮಾತು ಸದನದ ಗದ್ದಲದಲ್ಲಿ ಹುಟ್ಟುವುದಿಲ್ಲ.

ಲೆಕ್ಕಶೀರ್ಷಿಕೆ:
ಸಮಿತಿ ಚೆನ್ನಾಗಿ ಬರೆಯಿತು, ಒಪ್ಪೋಣ. ಆದರೆ ಯಾವ ಹಣದ ಬಗ್ಗೆ ಬರೆಯಿತು? ಕೇಂದ್ರ ಬಜೆಟ್ ಪುಸ್ತಕದಲ್ಲಿ ಕಾರ್ಮಿಕ ಮತ್ತು ಉದ್ಯೋಗಕ್ಕೆ ಪ್ರಧಾನ ಶೀರ್ಷಿಕೆ, ಅಂದರೆ ಖರ್ಚಿನ ಬಾಬಿನ ಸಂಖ್ಯೆ, 2230. ಅದರ ಕೆಳಗೆ ಪರಿಶಿಷ್ಟ ಜಾತಿಗೆ ಕಿರು ಶೀರ್ಷಿಕೆ 789, ಪಂಗಡಕ್ಕೆ 796. ಖರ್ಚಿನ ಪುಸ್ತಕದ ತಃಖ್ತೆ (ಪಟ್ಟಿ) 10ಎ, 10ಬಿ ತೆರೆದರೆ ಈ ಎರಡು ವರ್ಗಗಳಿಗೆ ಎಲ್ಲ ಸಚಿವಾಲಯಗಳೂ ಎತ್ತಿಟ್ಟ ಮೊತ್ತ ಒಂದೇ ಕಡೆ ಸಿಗುತ್ತದೆ. ಮಹಿಳೆಯರಿಗೆ 13ನೇ ತಃಖ್ತೆ ಇದೆ. ವಲಸೆ ಕಾರ್ಮಿಕರಿಗೆ ಶೀರ್ಷಿಕೆಯೂ ಇಲ್ಲ, ತಃಖ್ತೆಯೂ ಇಲ್ಲ.

ಅವರ ರೇಷನ್ ಆಹಾರ ಸಚಿವಾಲಯದಲ್ಲಿ, ಇ-ಶ್ರಮ್ (ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ಪಟ್ಟಿ) ನೋಂದಣಿ ಕಾರ್ಮಿಕ ಸಚಿವಾಲಯದಲ್ಲಿ, ಬಾಡಿಗೆ ಮನೆ ನಗರಾಭಿವೃದ್ಧಿಯಲ್ಲಿ, ಲಾಕ್‌ಡೌನ್‌ನಲ್ಲಿ ಅವರನ್ನು ಊರಿಗೆ ಕರೆದೊಯ್ದ ಶ್ರಮಿಕ್ ರೈಲು ರೈಲ್ವೆಯಲ್ಲಿ. ಸ್ಥಾಯಿ ಸಮಿತಿಗಳು 24, ಪ್ರತಿಯೊಂದಕ್ಕೂ ಅದರದರ ಸಚಿವಾಲಯ. ಒಬ್ಬನೇ ಮನುಷ್ಯನ ಬದುಕು ನಾಲ್ಕು ಸಮಿತಿಗಳಿಗೆ ಹಂಚಿಹೋಗಿದೆ, ಪೂರ್ತಿ ಮೊತ್ತ ಯಾರ ಮುಂದೂ ಬರುವುದಿಲ್ಲ. ಸಾವಿನ ಲೆಕ್ಕದ ವಿಷಯದಲ್ಲೂ ಆಗಿದ್ದು ಇದೇ. ಕಾರ್ಮಿಕ ಸಚಿವಾಲಯ ಲೆಕ್ಕ ಇಲ್ಲ ಎಂದ ಅಧಿವೇಶನದಲ್ಲೇ ರೈಲ್ವೆ ಸಚಿವರು ರಾಜ್ಯಸಭೆಗೆ ತಿಳಿಸಿದರು: ಸೆಪ್ಟೆಂಬರ್ 9ರವರೆಗೆ ಶ್ರಮಿಕ್ ರೈಲುಗಳಲ್ಲಿ 97 ಜನ ತೀರಿಕೊಂಡಿದ್ದಾರೆ. ಲೆಕ್ಕ ಇತ್ತು, ಬೇರೆ ಕಪಾಟಿನಲ್ಲಿತ್ತು.

ಸದನಸಾಕ್ಷಿ:
97ರ ಉದಾಹರಣೆ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ ಸರ್. ಸರಿಯಾದ ಬಾಗಿಲು ತಟ್ಟಿದರೆ ಉತ್ತರ ಬರುತ್ತದೆ.

ಗಾರೆ ಕರಣೆ:
ಇಬ್ಬರೂ ಬಜೆಟ್ಟಿನೊಳಗಿನ ಹಣವನ್ನೇ ಹುಡುಕುತ್ತಿದ್ದೀರಿ. ಗುಳೆ ಬಂದವರಲ್ಲಿ ದೊಡ್ಡ ಪಾಲು ಕಟ್ಟಡ ಕೆಲಸದವರು. ಅವರ ಹೆಸರಿನ ಅತಿ ದೊಡ್ಡ ಗಂಟು ಬಜೆಟ್ಟಿಗೇ ಬರುವುದಿಲ್ಲ. ಅದು ಕಟ್ಟಡ ಸೆಸ್.

ಅದು ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. 1996ರ ಸೆಸ್ ಕಾಯ್ದೆ ಸಂಸತ್ತಿನದು. ಕಟ್ಟಡದ ವೆಚ್ಚದ ಶೇ 1 ವಸೂಲಿ, ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ. 50 ಕೋಟಿ ವೆಚ್ಚದ ಅಪಾರ್ಟ್‌ಮೆಂಟ್ ಎದ್ದರೆ ಸೆಸ್ 50 ಲಕ್ಷ. ನಕ್ಷೆ ಮಂಜೂರು ಮಾಡುವ ಸ್ಥಳೀಯ ಸಂಸ್ಥೆ ಅಂದಾಜು ವೆಚ್ಚದ ಮೇಲೆ ಮುಂಗಡ ಹಿಡಿದುಕೊಳ್ಳುತ್ತದೆ, ವಸೂಲಿ ಖರ್ಚೆಂದು ಆ ಮೊತ್ತದಲ್ಲಿ ಗರಿಷ್ಠ ಶೇ 1, ಅಂದರೆ 50 ಸಾವಿರ, ತಾನಿಟ್ಟುಕೊಂಡು ಮಿಕ್ಕಿದ್ದನ್ನು ರಾಜ್ಯದ ಕಲ್ಯಾಣ ಮಂಡಳಿಗೆ ಕಳಿಸುತ್ತದೆ. ಈ ಹಣ ಕೇಂದ್ರದ ಮುಖ್ಯ ಖಜಾನೆಯಾದ ಭಾರತದ ಸಂಚಿತ ನಿಧಿಯ ಹೊಸ್ತಿಲು ತುಳಿಯುವುದೇ ಇಲ್ಲ. ಇದು ತೆರಿಗೆಯಲ್ಲ, ಶುಲ್ಕ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂಚಿತ ನಿಧಿಗೆ ಬರದ ಹಣಕ್ಕೆ ಅನುದಾನ ಬೇಡಿಕೆ ಇರುವುದಿಲ್ಲ. ಬೇಡಿಕೆ ಇಲ್ಲವೆಂದರೆ ಮೊತ್ತ ಇಳಿಸಿ ಎಂದು ಸಂಸದರು ತರುವ ಕಡಿತ ಸೂಚನೆ ಇಲ್ಲ, ನಿಧಿಯಿಂದ ಹಣ ತೆಗೆಯಲು ಒಪ್ಪಿಗೆ ಕೊಡುವ ಧನವಿನಿಯೋಗ ವಿಧೇಯಕವೂ ಇಲ್ಲ.

ಪರಿಣಾಮವನ್ನೂ ನೋಡಿ. 2018ರ ಮಾರ್ಚ್ 19ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದಾಖಲಿಸಿದ ಲೆಕ್ಕ ಇದು: ದೇಶದಲ್ಲಿ ಸಂಗ್ರಹವಾದದ್ದು 37,400 ಕೋಟಿಗೂ ಹೆಚ್ಚು, ಬಳಕೆಯಾದದ್ದು ಸುಮಾರು 9,500 ಕೋಟಿ. ಅದಕ್ಕೂ ಮುಂಚೆ, 2017ರಲ್ಲಿ, ಈ ಹಣದಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮಷೀನ್ ಕೊಂಡದ್ದು ಸರ್ಕಾರಿ ಲೆಕ್ಕ ಪರಿಶೋಧಿಸುವ ಸಿಎಜಿ ಮೂಲಕ ಕೋರ್ಟಿನ ಮುಂದೆ ಬಂತು. ಕಾಯ್ದೆ ಮಾಡಿದ್ದು ಸಂಸತ್ತು, ಹಣದ ಜಾಡು ಹಿಡಿದದ್ದು ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಭೀಮಾತೀರ:
ಕರಣೆ ಅವರೇ, ಲೆಕ್ಕ ಒಪ್ಪಿದೆ, ತೀರ್ಮಾನ ಒಪ್ಪಲಾರೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 27ನೇ ಸೆಕ್ಷನ್ ಓದಿ. ಮಂಡಳಿಯ ಲೆಕ್ಕವನ್ನು ಪ್ರತಿವರ್ಷ ಸಿಎಜಿ ಪರಿಶೀಲಿಸಬೇಕು, ವರದಿಯನ್ನು ರಾಜ್ಯದ ಶಾಸನಸಭೆಯ ಮುಂದೆ ಇಡಬೇಕು ಅಂತ ಅಲ್ಲಿದೆ. ಇದು ವಿಧಾನಸೌಧದ ಹೊಣೆ. ದಿಲ್ಲಿಯ ಪಿಎಸಿಯ (ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ) 22 ಜನ ಯಾದಗಿರಿಯ ಲೇಬರ್ ಕಾರ್ಡಿನ ಗೋಳು ಬಗೆಹರಿಸಲಾರರು.

ಗೋಳು ಎಲ್ಲಿ ಹುಟ್ಟುತ್ತದೆ ಅಂದರೆ ನೋಂದಣಿಯಲ್ಲಿ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಬೆಂಗಳೂರಿನಲ್ಲಿ 90 ದಿನದೊಳಗೆ ಮೂರು ಕಡೆ ಕೆಲಸ ಬದಲಾಗಿರುತ್ತದೆ. ಕರೆದುಕೊಂಡು ಬಂದ ಮೇಸ್ತ್ರಿಗೆ ಲೆಟರ್‌ಹೆಡ್ ಇರುವುದಿಲ್ಲ, ಮೇಲಿನ ಗುತ್ತಿಗೆದಾರ ಸಹಿ ಹಾಕಿದರೆ ಪಿಎಫ್, ವಿಮೆ ತನ್ನ ತಲೆಗೆ ಬಂದೀತು ಅಂತ ಹಾಕುವುದಿಲ್ಲ. ಕೆಲಸ ಮಾಡಿದವನಿಗೆ ಕಾರ್ಡು ಸಿಗದೆ, ಸಹಿ ದಕ್ಕಿಸಿಕೊಂಡವನಿಗೆ ಸಿಗುವುದು ಇಲ್ಲಿಂದಲೇ ಶುರು. ಕಾರ್ಡಾದ ಮೇಲೂ ಇನ್ನೊಂದು ತೊಡಕು. 2020ರ ಮೇ ತಿಂಗಳಲ್ಲಿ ನಮ್ಮ ಸರ್ಕಾರ ಹೇಳಿದ ಪ್ರಕಾರ ರಾಜ್ಯದಲ್ಲಿ ನೋಂದಾಯಿತರು 15.80 ಲಕ್ಷ, ಮೊದಲ ಕಂತಿನ 2,000 ರೂಪಾಯಿ ಹೋದದ್ದು 11.80 ಲಕ್ಷ ಜನರ ಖಾತೆಗೆ. ಉಳಿದ 4 ಲಕ್ಷ ಜನರದ್ದು ಖಾತೆ ವಿವರ ಪರಿಶೀಲಿಸಿ ಹಾಕಬೇಕಾಗಿತ್ತು. ಮಂಡಳಿಯಲ್ಲಿ ದುಡ್ಡಿತ್ತು, ಹಸಿವಿನ ದಿನಗಳಲ್ಲಿ ನಾಲ್ಕರಲ್ಲೊಂದು ಪಾಲು ಜನ ಪರಿಶೀಲನೆಗೆ ಕಾಯಬೇಕಾಯಿತು. ಇದನ್ನು ಕೇಳಬೇಕಾದವರು ನಮ್ಮ ಶಾಸಕರು.

ಲೆಕ್ಕಶೀರ್ಷಿಕೆ:
ಭೀಮಾತೀರ ಅವರ ಮಾತಿನಲ್ಲಿ ಒಂದು ಕೊಂಡಿ ಜಾರಿದೆ. ಸೆಸ್ ಹಣದಿಂದ ನೆರವು ಕೊಡಿ ಎಂದು ರಾಜ್ಯಗಳಿಗೆ ಬರೆದದ್ದು ಯಾರು? 2020ರ ಮಾರ್ಚ್ 24ರಂದು ಕೇಂದ್ರ ಕಾರ್ಮಿಕ ಸಚಿವರು, ಅದೇ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ. ಸುಮಾರು 52,000 ಕೋಟಿ ಸೆಸ್ ಹಣ ಇದೆ, ಖಾತೆಗೆ ಹಾಕಿ ಎಂದರು. ನಿರ್ದೇಶನ ಕೊಡುವ ಅಧಿಕಾರ ಕೇಂದ್ರಕ್ಕಿದ್ದರೆ ಅದರ ಉತ್ತರದಾಯಿತ್ವವೂ ಸಂಸತ್ತಿಗೆ ಇರಬೇಕು. ನನ್ನ ಅಭಿಪ್ರಾಯದಲ್ಲಿ ಸೆಸ್ ಮೊದಲು ಸಂಚಿತ ನಿಧಿಗೆ ಬರಲಿ, ಅಲ್ಲಿಂದ ಮತದ ಮೂಲಕ ಮಂಡಳಿಗಳಿಗೆ ಹೋಗಲಿ. ಉದ್ಯೋಗ ಖಾತರಿ ನೋಡಿ. 2020-21ರಲ್ಲಿ ಮೊದಲು ಇಟ್ಟದ್ದು 61,500 ಕೋಟಿ. ಊರಿಗೆ ಬಂದವರಿಗೆ ಕೆಲಸ ಕೊಡಲು ಇನ್ನೂ 40,000 ಕೋಟಿ ಬೇಕಾಯಿತು, ಅದು ಪೂರಕ ಬೇಡಿಕೆಯಾಗಿ ಸದನದ ಮುಂದೆ ಬಂತು. ಮತ ಕೇಳಬೇಕಾದ್ದರಿಂದ ಆ ಮೊತ್ತ ಸದನದ ದಾಖಲೆಗೆ ಬಂತು.

ಗಾರೆ ಕರಣೆ:
ಸಂಚಿತ ನಿಧಿಗೆ ಹಾಕಬೇಡಿ, ದಯವಿಟ್ಟು. ಜಿಎಸ್‌ಟಿ ಪರಿಹಾರ ಸೆಸ್ ಏನಾಯಿತು? ರಾಜ್ಯಗಳಿಗೆ ಕೊಡಬೇಕಾದ ಆ ಸೆಸ್‌ನಲ್ಲಿ 2017-18 ಮತ್ತು 2018-19 ಸೇರಿ 47,272 ಕೋಟಿಯನ್ನು ಪರಿಹಾರ ನಿಧಿಗೆ ವರ್ಗಾಯಿಸದೆ ಕೇಂದ್ರ ತನ್ನ ಸಂಚಿತ ನಿಧಿಯಲ್ಲೇ ಉಳಿಸಿಕೊಂಡಿತ್ತು. ರಾಜ್ಯಗಳ ಹಣಕ್ಕೇ ಹಾಗಾದರೆ, ಕೇಳುವವರಿಲ್ಲದ ಗಾರೆ ಕೆಲಸದವರ ಹಣ ಅಲ್ಲಿಗೆ ಹೋದರೆ ವಾಪಸು ಬರುತ್ತದೆ ಎಂಬ ನಂಬಿಕೆ ನನಗಿಲ್ಲ. ಮಂಡಳಿಯ ಖಾತೆಯಲ್ಲಿ ಕೊಳೆಯುತ್ತಿದ್ದರೂ ಅದು ಕಾರ್ಮಿಕರ ಹೆಸರಲ್ಲಿದೆ.

ಲೆಕ್ಕಶೀರ್ಷಿಕೆ:
ಆ 47,272 ಕೋಟಿ ನಿಮಗೂ ನನಗೂ ಗೊತ್ತಾದದ್ದು ಹೇಗೆ? ಅದು ಸಂಚಿತ ನಿಧಿಯಲ್ಲಿ ಇದ್ದುದರಿಂದ. ಕೇಂದ್ರದ ಲೆಕ್ಕಪತ್ರಗಳ ಮೇಲಿನ ಸಿಎಜಿ ವರದಿಯಲ್ಲಿ ಬಂತು, ಸಂಸತ್ತಿನಲ್ಲಿ ಮಂಡನೆಯಾಯಿತು, ದೇಶವೇ ಮಾತಾಡಿತು. ಕಟ್ಟಡ ಸೆಸ್‌ನ 28,000 ಕೋಟಿ ಬಳಕೆಯಾಗದೆ ಬಿದ್ದಿರುವುದು ಒಂದೇ ವರದಿಯಲ್ಲಿ, ಒಂದೇ ದಿನ, ಒಂದೇ ಸದನದ ಮುಂದೆ ಬಂದಿದ್ದರೆ ಅದಕ್ಕೆ 2018ರವರೆಗೆ ಕಾಯಬೇಕಾಗಿತ್ತೇ?

ಗಾರೆ ಕರಣೆ:
ಗೊತ್ತಾಗುವುದು ಬೇರೆ, ಹಣ ಕೈಗೆ ಬರುವುದು ಬೇರೆ. ಆದರೂ ನಿಮ್ಮ ಮಾತಿನಲ್ಲಿ ತೂಕವಿದೆ, ತಳ್ಳಿಹಾಕುವುದಿಲ್ಲ. ಹಣ ಮಂಡಳಿಯಲ್ಲೇ ಇರಲಿ, ಎಲ್ಲ ಮಂಡಳಿಗಳ ಪರಿಶೋಧಿತ ಲೆಕ್ಕವನ್ನು ಒಟ್ಟುಗೂಡಿಸಿ ಕೇಂದ್ರ ಸಚಿವಾಲಯ ವರ್ಷಕ್ಕೊಮ್ಮೆ ಸಂಸತ್ತಿನಲ್ಲಿ ಇಡಲಿ ಎಂದರೆ ನಾನು ಕೈ ಎತ್ತುತ್ತೇನೆ. ಈಗಂತೂ ಇದು ತುರ್ತು. 2025ರ ನವೆಂಬರ್ 21ರಿಂದ 1996ರ ಸೆಸ್ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಸೆಸ್ ಎಷ್ಟೆಂದು ಕಟ್ಟಿಸುವವರೇ ಸ್ವತಃ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂದಿದೆ. ಸ್ವಂತ ವಾಸದ ಮನೆಗೆ ಇದ್ದ 10 ಲಕ್ಷದ ವಿನಾಯಿತಿ ಮಿತಿ 50 ಲಕ್ಷಕ್ಕೆ ಏರಿದೆ. ಚದರಡಿಗೆ 2,500 ರೂಪಾಯಿ ತಗಲುವ ಕೆಲಸವನ್ನು 1,500 ಎಂದು ತೋರಿಸಿದರೆ 40 ಸಾವಿರ ಚದರಡಿಯ ಕಟ್ಟಡವೊಂದರಲ್ಲೇ 4 ಕೋಟಿ ವೆಚ್ಚ ಮರೆಯಾಗಿ ಸೆಸ್ 4 ಲಕ್ಷ ಕಡಿಮೆ ಬೀಳುತ್ತದೆ. ತಾಳೆ ನೋಡಬೇಕಾದ್ದು ಕಟ್ಟಡ ಮುಗಿದ ಪ್ರಮಾಣಪತ್ರದ ಹಂತದಲ್ಲಿ. ಅದನ್ನು ಪಡೆಯದೆಯೇ ಜನ ವಾಸಕ್ಕೆ ಬಂದುಬಿಟ್ಟರೆ ತಾಳೆ ನೋಡುವ ಘಟ್ಟವೇ ಬರುವುದಿಲ್ಲ.

ಕಡತ ಓದುಗ:
ತಡವಾಗಿ ಬಂದೆ, ಕ್ಷಮಿಸಿ. ಪಿಎಸಿ ಬಗ್ಗೆ ಒಂದು ಮಾತು. ಅದು ನೋಡುವುದು ಮುಗಿದುಹೋದ ವರ್ಷವನ್ನು. ಮಾರ್ಚ್ 31ಕ್ಕೆ ಲೆಕ್ಕ ಮುಗಿದು, ಸಿಎಜಿ ವರದಿ ಮಂಡನೆಯಾಗಿ, ಸಮಿತಿ ಕೈಗೆತ್ತಿಕೊಂಡು, ಶಿಫಾರಸಿಗೆ ಸಚಿವಾಲಯ 6 ತಿಂಗಳೊಳಗೆ ಕ್ರಮದ ಟಿಪ್ಪಣಿ ಕೊಡುವ ಹೊತ್ತಿಗೆ ಆ ಕಾರ್ಮಿಕ ಊರು ಬದಲಾಯಿಸಿರುತ್ತಾನೆ. ಹಾಗಾಗಿ ವಲಸಿಗರ ವಿಷಯದಲ್ಲಿ ನಾನು ನಂಬುವ ಉಪಕರಣ ಪ್ರಶ್ನೆ ಮತ್ತು ಭರವಸೆ.

ಬಾಡಿಗೆ ಮನೆ ಯೋಜನೆಯನ್ನೇ ತೆಗೆದುಕೊಳ್ಳಿ. ವಲಸಿಗರಿಗೆ ಕಡಿಮೆ ಬಾಡಿಗೆಯ ಮನೆ ಎಂಬ ಯೋಜನೆಗೆ 2020ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಹಳೇ ನರ್ಮ್ (ನಗರಾಭಿವೃದ್ಧಿಯ ಕೇಂದ್ರ ಯೋಜನೆ) ಅಡಿಯ 83,534 ಮನೆ ಖಾಲಿ ಬಿದ್ದಿದ್ದವು, ಅವನ್ನು ರಿಪೇರಿ ಮಾಡಿಸಿ ಬಾಡಿಗೆಗೆ ಕೊಡುವುದು ಒಂದು ದಾರಿ. ಆದದ್ದು 5,648. ಈ ಎರಡು ಅಂಕಿಗಳೂ ಜನರಿಗೆ ಸಿಕ್ಕಿದ್ದು ಸಂಸದರ ಪ್ರಶ್ನೆಗಳಿಗೆ ಬಂದ ಉತ್ತರಗಳಿಂದ. 

ಇನ್ನು ಭರವಸೆ. ಸಚಿವರು "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಎಂದು ಉತ್ತರಿಸಿದರೆ ಅದು ಭರವಸೆ ಎಂದು ದಾಖಲಾಗುತ್ತದೆ. 3 ತಿಂಗಳಲ್ಲಿ ಈಡೇರಿಸಬೇಕು, ಇಲ್ಲವಾದರೆ ಸರ್ಕಾರಿ ಭರವಸೆಗಳ ಸಮಿತಿ ಬೆನ್ನು ಹತ್ತುತ್ತದೆ. "ಮಾಹಿತಿ ಇಟ್ಟಿಲ್ಲ" ಎಂದರೆ ಭರವಸೆಯಾಗುವುದಿಲ್ಲ, ಕಡತ ಅಲ್ಲಿಗೇ ಮುಚ್ಚುತ್ತದೆ. 2020ರ ಸೆಪ್ಟೆಂಬರ್ 14ರ ಉತ್ತರದ ಕಷ್ಟ ಇರುವುದು ಇಲ್ಲಿ. ಆದ್ದರಿಂದ "ಎಷ್ಟು ಜನ" ಎಂದು ಕೇಳುವುದಕ್ಕಿಂತ "ಈ ಲೆಕ್ಕ ಇಡಬೇಕಾದ ಪ್ರಾಧಿಕಾರ ಯಾವುದು, ಅದಕ್ಕೆ ಯಾವ ದಿನಾಂಕದಂದು ಸೂಚನೆ ಹೋಗಿದೆ" ಎಂದು ಕೇಳಬೇಕು. ದಿನಾಂಕ ಕೇಳಿದರೆ ನುಣುಚಿಕೊಳ್ಳುವುದು ಕಷ್ಟ.

ಭೀಮಾತೀರ:
ಹಂಗಾದರೆ ಕರಣೆ ಅವರು ಹೇಳಿದ ಸೆಸ್ ಲೆಕ್ಕವನ್ನೂ ಪ್ರಶ್ನೆಯಾಗಿ ಕೇಳಬಹುದಲ್ಲ? ನಮ್ಮ ಕಡೆಯ ಸಂಸದರೊಬ್ಬರಿಗೆ ಬರೆದು ಕೊಡೋಣ.

ಕಡತ ಓದುಗ:
ಕೇಳಬಹುದು, ಆದರೆ ಬರೆಯುವ ರೀತಿ ಮುಖ್ಯ. ಮುಖ್ಯವಾಗಿ ಕೇಂದ್ರಕ್ಕೆ ಸಂಬಂಧಿಸದ ವಿಷಯ ಎಂದರೆ ಸಚಿವಾಲಯದವರೆಗೆ ಹೋಗುವ ಮೊದಲೇ ತಿರಸ್ಕೃತವಾಗುತ್ತದೆ. "ಕರ್ನಾಟಕ ಮಂಡಳಿ ಎಷ್ಟು ಖರ್ಚು ಮಾಡಿದೆ" ಎಂದು ಶುರು ಮಾಡಿದರೆ ಮುಗಿಯಿತು. ಕೇಂದ್ರದ ಕಾನೂನು, ಕೇಂದ್ರದ ನಿರ್ದೇಶನ ಎಂದು ಶುರು ಮಾಡಬೇಕು. 150 ಪದ ಮೀರಬಾರದು, ಕನಿಷ್ಠ 15 ದಿನ ಮೊದಲು ಕೊಡಬೇಕು. ಚುಕ್ಕೆ ಗುರುತಿನದಾದರೆ ದಿನಕ್ಕೆ 20ಕ್ಕೇ ಅವಕಾಶ, ಚೀಟಿ ಎತ್ತುವುದರಲ್ಲಿ ಬರಬೇಕು. ಕರಡು ಹಾಕಿದ್ದೇನೆ, ತಿದ್ದಿ:

(ಅ) ಕಟ್ಟಡ ಕಾರ್ಮಿಕರ ಸೆಸ್ ಬಳಕೆ ಕುರಿತು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳೆದ ಮೂರು ವರ್ಷಗಳಲ್ಲಿ ಕೊಟ್ಟ ನಿರ್ದೇಶನಗಳು ಮತ್ತು ಅವುಗಳ ದಿನಾಂಕ;
(ಆ) ಆ ನಿರ್ದೇಶನಗಳಿಗೆ ರಾಜ್ಯಗಳು ಸಲ್ಲಿಸಿದ ಸಂಗ್ರಹ, ವೆಚ್ಚ ಮತ್ತು ಉಳಿಕೆ ಮೊತ್ತ, ರಾಜ್ಯವಾರು;
(ಇ) ಹೊರರಾಜ್ಯದ ಕಾರ್ಮಿಕರಿಗೆ ಪಾವತಿಯಾದ ಮೊತ್ತವನ್ನು ಪ್ರತ್ಯೇಕವಾಗಿ ಇಡಲು ಸೂಚಿಸಲಾಗಿದೆಯೇ, ಇಲ್ಲವಾದರೆ ಕಾರಣ.

ಗಾರೆ ಕರಣೆ:
(ಆ)ದಲ್ಲಿ "ಸಂಗ್ರಹ" ಎಂದಷ್ಟೇ ಬೇಡ. "ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ ಮೊತ್ತ ಮತ್ತು ಅದರಲ್ಲಿ ಮಂಡಳಿಗೆ ಜಮೆಯಾದ ಮೊತ್ತ, ಪ್ರತ್ಯೇಕವಾಗಿ" ಎಂದು ಹಾಕಿ. ನಗರಸಭೆಯ ಖಾತೆಯಲ್ಲೇ ನಿಂತುಬಿಡುವ ಹಣ ಆ ಎರಡರ ನಡುವೆ ಇದೆ.

ಭೀಮಾತೀರ:
(ಇ)ದಲ್ಲಿ "ಹೊರರಾಜ್ಯದ" ಎಂದರೆ ಯಾದಗಿರಿಯಿಂದ ಬೆಂಗಳೂರಿಗೆ ಬಂದವರು ಬಿಟ್ಟುಹೋಗುತ್ತಾರೆ. "ಬೇರೆ ಜಿಲ್ಲೆಯ ಮತ್ತು ಬೇರೆ ರಾಜ್ಯದ" ಎಂದು ತಿದ್ದಿ. ಜತೆಗೆ ಖಾತೆ ವಿವರದ ಕೊರತೆಯಿಂದ ತಡೆಹಿಡಿದ ಪಾವತಿಗಳ ಸಂಖ್ಯೆಯನ್ನೂ ಕೇಳಿ.

ಕಡತ ಓದುಗ:
ಮೂರನ್ನೂ ಸೇರಿಸಿದೆ. ಚುಕ್ಕೆ ರಹಿತವಾಗಿಯೇ ಕಳಿಸೋಣ, ತಃಖ್ತೆ ಸಮೇತ ಉತ್ತರ ಬರುತ್ತದೆ. ಲೆಕ್ಕಶೀರ್ಷಿಕೆ ಅವರು ಹೇಳಿದ ಬಜೆಟ್ ತಃಖ್ತೆಯ ವಿಷಯ ಇದರಲ್ಲಿ ಬೆರೆಸುವುದು ಬೇಡ. ಅದು ಹಣಕಾಸು ಸಚಿವಾಲಯಕ್ಕೆ ಹೋಗಬೇಕಾದ್ದು, ಬೇರೆ ಪ್ರಶ್ನೆಯಾಗಿ ಅವರೇ ಬರೆದುಕೊಡಲಿ.