ದಿನಾ 85 ಕಿಮೀ, ತ್ವಾಟದ ದಾರಿ, ಜೊತಿಗೆ ನೈಟ್ರೋಜನ್ ಕ್ಯಾನ್: ಸ್ಪ್ಲೆಂಡರ್ ಇಟ್ಕೊಳ್ಳಲೋ, ಕರೆಂಟ್ ಗಾಡಿ ತಗೊಳ್ಳಲೋ?

ತಿಕೋಟಾ ಮೈತ್ರಿ:

ಎಲ್ಲಾರಿಗೂ ನಮಸ್ಕಾರ್ರಿ. ನಾ ವಿಜಯಪುರ ಜಿಲ್ಲಾದ ತಿಕೋಟಾ ಕಡೆ ಆಕಳು, ಎಮ್ಮಿಗೆ ಕೃತಕ ಗರ್ಭಧಾರಣೆ ಮಾಡೋ ಮೈತ್ರಿ ಕಾರ್ಯಕರ್ತ. ನನಗ ತಿಂಗಳ ಪಗಾರ ಇಲ್ಲ. ಒಂದು ದನಕ್ಕ ಇಷ್ಟು ಅಂತ ರೈತ್ರು ಕೊಡ್ತಾರಲ್ಲ, ಅದ ನನ್ನ ದುಡಿಮಿ.

ಮುಂಜಾನೆ ಐದೂವರಿಗೆ ಫೋನ್ ಶುರು ಆಗ್ತಾವ. ಹೊನವಾಡದಾಗ ಒಂದು, ಅಲ್ಲಿಂದ ಕನಮಡಿ ದಾರಿಗೆ ಒಂದು, ತಿರುಗಿ ಬರೂವಾಗ ಬಾಬಾನಗರದ ದ್ರಾಕ್ಷಿ ತ್ವಾಟದಾಗ ಒಂದು. ಮುಂಜಾನೆ ಬೆದಿ ಕಂಡ ಆಕಳಿಗೆ ಸಂಜಿಮುಂದ, ಸಂಜಿಗೆ ಕಂಡಿದ್ದಕ್ಕ ಮರುದಿನ ಮುಂಜಾನೆ ಮಾಡಬೇಕು. ಪೆಟ್ರೋಲ್ ಉಳಸಾಕ ಅಂತ ಒಂದ ಸುತ್ತಿಗೆ ಎಲ್ಲಾ ಮುಗಿಸಿ ಬಂದ್ರ ಗಬ್ಬ ನಿಲ್ಲೂದಿಲ್ಲ. ನಿಲ್ಲಲಿಲ್ಲಂದ್ರ 21 ದಿನಕ್ಕ ಅದ ದನ ಮತ್ತ ಬೆದಿಗಿ ಬರತೈತಿ, ಮತ್ತ ಅದ ಊರಿಗೆ ಹೋಗಬೇಕು. ಎರಡನೇ ಸಲಕ್ಕ ರೊಕ್ಕ ಕೇಳಾಕ ನನಗ ಬಾಯಿ ಬರೂದಿಲ್ಲ. ರೈತ ಮೊದಲ ಒಂದು ತಿಂಗಳ ಹಾಲು ಕಳಕೊಂಡಿರ್ತಾನ.

ನಂದು 2017ರ ಸ್ಪ್ಲೆಂಡರ್. 2016ರಾಗ ಈ ಕೆಲಸಕ್ಕ ಬಂದಾಗ ಪೆಟ್ರೋಲ್ ಲೀಟರಿಗೆ 65-70ರ ನಡುವ ಇತ್ತು. ಈಗ 103ರ ಆಚೀಚಿ ಐತಿ. ಗಾಡಿ ಹೊಸಾದಿದ್ದಾಗ ಲೀಟರಿಗೆ 62 ಓಡ್ತಿತ್ತು, ಈಗ 54. ದಿನಕ್ಕ 85 ಕಿಮೀ ಹಿಡದ್ರ ತಿಂಗಳಿಗೆ ಪೆಟ್ರೋಲಿಗೇ 4,800 ದಾಟತೈತಿ. ಇದ ಓಡಾಟ ಆಗ 2,700ರಾಗ ಮುಗೀತಿತ್ತು. ಆವಾಗ ಬರದ ಹಳೇ ವಹಿ ನನ್ನ ಹತ್ರ ಇನ್ನೂ ಐತಿ.

ಬಸ್ ಟಿಕೆಟ್ 2025ರ ಜನವರಿಯಾಗ ನೂರಕ್ಕ 15 ಏರಿತು. ಏಪ್ರಿಲ್ 1ಕ್ಕ ಡೀಸೆಲ್ ಮ್ಯಾಲಿನ ರಾಜ್ಯದ ತೆರಿಗಿ ಏರಿತು, ಅದ ದಿನ ನಂದಿನಿ ಹಾಲಿಗೂ ಲೀಟರಿಗೆ 4 ರೂಪಾಯಿ ಏರಿತು. ಹಾಲಿನ ರೇಟ್ ಏರಿದ್ದು ನನಗ ಖುಷಿನ ಐತಿ, ರೈತಗ ಬರಬೇಕಾದ್ದು ಅದು. ಆದ್ರ ನನ್ನ ರೇಟು ಮೂರು ವರ್ಷದಿಂದ ಅಲ್ಲೇ ನಿಂತೈತಿ. ನನಗೂ ಮ್ಯಾಲ ಏರಿಸಾಕ ಹಾದಿ ಇಲ್ಲ, ಕೆಳಗ ಇಳಿಸಾಕೂ ಇಲ್ಲ.

ಕಟ್ಟಿ ಮ್ಯಾಲ ಕುಂತವ್ರ ಮುಂದ ಇದನ್ನ ಹೇಳಿದ್ರ, "ನಾವು ಯಾವತ್ತೂ ನೂರು ರೂಪಾಯಿದ್ದ ಹಾಕಸವ್ರು, ರೇಟ್ ಏರಿದ್ರ ನಮಗೇನು" ಅಂತಾರ. ಆ ಮಾತು ಕೇಳಿದಾಗೆಲ್ಲ ಹೊಟ್ಟಿಯೊಳಗ ಸಂಕಟ ಆಗತೈತಿ. ನೂರು ರೂಪಾಯಿಗೆ ಮೊದಲು ಒಂದೂವರಿ ಲೀಟರ್ ಬೀಳ್ತಿತ್ತು, ಕನಮಡಿಗೆ ಹೋಗಿ ಬಂದ್ರೂ ಉಳೀತಿತ್ತು. ಈಗ ಒಂದು ಲೀಟರೂ ತುಂಬೂದಿಲ್ಲ.

ಕರೆಂಟ್ ಸ್ಕೂಟರ್ ತಗೋ ಅಂತ ಮಗಳು ಹೇಳ್ತಾಳ. ನನ್ನ ಅಂಜಿಕಿ ಇವು: ನಮ್ಮ ಬ್ಯಾಸಗಿ ಬಿಸಲಿಗೆ ಬ್ಯಾಟರಿ ತಡೀತೈತೇನು? ನಸುಕಿನ್ಯಾಗ ಫೋನ್ ಬಂದಾಗ ಚಾರ್ಜ್ ಇರದಿದ್ರ? ಎಮ್ಮಿ ಬೆದಿಗಿ ಬಂದ್ರ ಆಕಳದಂಗ ಒದರಿ ಹೇಳೂದಿಲ್ಲ, ಭಾಳ ಸಲ ಸುಮ್ಮನ ಇರತೈತಿ. ನಸುಕಿನ್ಯಾಗ ಲೋಳಿ ಕಂಡ ಮ್ಯಾಲ ರೈತ ಫೋನ್ ಮಾಡ್ತಾನ, ಆವಾಗ ಹೋಗಲೇಬೇಕು. ಇನ್ನ ಒಂದು, ನನ್ನ ಜೋಡಿ ಯಾವತ್ತೂ ವೀರ್ಯದ ಕಡ್ಡಿ ಕೆಡದಂಗ ತಂಪಿನ್ಯಾಗ ಇಡೋ ಮೂರು ಲೀಟರಿನ ನೈಟ್ರೋಜನ್ ಕ್ಯಾನ್ ಇರತೈತಿ, ಅದನ್ನ ನೆಟ್ಟಗ ಇಡಬೇಕು. ಈಗ ಸೀಟಿನ ಹಿಂದ ಚೀಲದಾಗ ಕಟ್ಟಿರ್ತೀನಿ.

ದಿನಾ ಇಷ್ಟು ಓಡ್ಸೋವ್ರು ಯಾರರ ಇದ್ರ ಖರೇ ಹೇಳ್ರಿ.

---

ಬಾಗೇವಾಡಿ ಮಾಸ್ತರ:

ನಾನು ಪ್ರೌಢಶಾಲೆ ಶಿಕ್ಷಕ. ಎರಡೂವರೆ ವರ್ಷದಿಂದ ಎಲೆಕ್ಟ್ರಿಕ್ ಸ್ಕೂಟರ್‌ನಲ್ಲೇ ಬಸವನ ಬಾಗೇವಾಡಿ ಸುತ್ತಮುತ್ತ ಓಡಾಡುತ್ತೇನೆ. ಬ್ಯಾಟರಿ 3.4 ಕಿಲೋವ್ಯಾಟ್ ಅವರ್‌ದು. ಒಬ್ಬನೇ ಕೂತು 40-45ರ ವೇಗದಲ್ಲಿ ಹೋದರೆ 90 ಕಿಮೀ ಸಿಗುತ್ತದೆ. ಶ್ರಾವಣದ ಗಾಳಿ ಎದುರಿಗೆ ಬಂದಾಗ ಮಾತ್ರ 75ಕ್ಕೆ ಇಳಿಯುತ್ತದೆ, ನಿಮ್ಮ ತಿಕೋಟಾ ಬಯಲಿನಲ್ಲಿ ಆ ಗಾಳಿ ನಮಗಿಂತ ಜೋರು. ಹಾಗಾಗಿ ದಿನದ 85 ಕಿಮೀ ಪೂರ್ತಿ ಅದರ ಮೇಲೆ ಹಾಕಬೇಡಿ, ಸಂಜೆ ಹೊತ್ತಿಗೆ ಜೀವ ಬಾಯಿಗೆ ಬರುತ್ತದೆ.

ಬಿಸಿಲಿನ ಬಗ್ಗೆ ನಾನೂ ಅಂಜಿದ್ದೆ. ನಮ್ಮಲ್ಲಿ ಮೇ ತಿಂಗಳು 40 ಡಿಗ್ರಿ ದಾಟುವುದು ಹೊಸದಲ್ಲ. ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕುವುದಿಲ್ಲ, ಅರ್ಧ ತಾಸು ನೆರಳಲ್ಲಿ ಬಿಟ್ಟು ಹಾಕುತ್ತೇನೆ. ಶಾಲೆಯಲ್ಲಿ ಬೇವಿನ ಗಿಡದ ಕೆಳಗೇ ನಿಲ್ಲಿಸುತ್ತೇನೆ. ಇಲ್ಲಿಯವರೆಗೆ ತೊಂದರೆ ಆಗಿಲ್ಲ. ಮನೆಯ ಅರ್ಥಿಂಗ್ ಮಾತ್ರ ಮೊದಲು ಸರಿ ಮಾಡಿಸಿ. ನಮ್ಮ ಹಳೇ ಮನೆಯಲ್ಲಿ ಅರ್ಥಿಂಗ್ ಹೆಸರಿಗಷ್ಟೇ ಇತ್ತು, ಚಾರ್ಜರ್ ಕೆಂಪು ದೀಪ ತೋರಿಸುತ್ತಿತ್ತು. ಹಿತ್ತಲಲ್ಲಿ ಗುಂಡಿ ತೋಡಿಸಿ ಉಪ್ಪು, ಇದ್ದಿಲು ಹಾಕಿ ಹೊಸದಾಗಿ ಮಾಡಿಸಿದ ಮೇಲೆ ಸರಿಹೋಯಿತು.

ಹೆಸ್ಕಾಂ ಬಿಲ್ಲಿನ ಲೆಕ್ಕ ಹೇಳುತ್ತೇನೆ, ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಲ್ಲ. ನಿಮ್ಮ ಹಿಂದಿನ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ ಹತ್ತು ಯೂನಿಟ್), ಅಷ್ಟು ಮಾತ್ರ ಪುಕ್ಕಟೆ. ಸ್ಕೂಟರಿನಿಂದ ಹೆಚ್ಚಾದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ನನಗೆ ಗೋಡೆಯ ಪ್ಲಗ್ಗಿನಿಂದ ಎಳೆದ ಒಂದು ಯೂನಿಟ್ಟಿಗೆ ಸುಮಾರು 25 ಕಿಮೀ ಬರುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಕಿಲೋಮೀಟರಿಗೆ 25 ಪೈಸೆ. ನಿಮ್ಮ ಸ್ಪ್ಲೆಂಡರಿಗೆ 1 ರೂಪಾಯಿ 90 ಪೈಸೆ ಬೀಳುತ್ತಿದೆ.

---

ಇಂಡಿ ರೋಡ್ ಗ್ಯಾರೇಜ್:

ಮೈತ್ರಿಯವ್ರ, ಮೊದಲು ನಿಮ್ಮ ಗಾಡಿ ನೋಡೂಣು. 62 ಇದ್ದಿದ್ದು 54ಕ್ಕ ಬಂದೈತಿ ಅಂದ್ರ ಎಲ್ಲಾ ಪೆಟ್ರೋಲಿನ ತಪ್ಪಲ್ಲ. ಈಗ ಬರೂದು ನೂರಕ್ಕ 20 ಎಥನಾಲ್ ಕೂಡಿಸಿದ ಪೆಟ್ರೋಲು. ಎಥನಾಲಿನ್ಯಾಗ ಶಕ್ತಿ ಪೆಟ್ರೋಲಿಗಿಂತ ಮೂರರಾಗ ಒಂದು ಪಾಲು ಕಡಿಮಿ. 2021ರಾಗ ನೀತಿ ಆಯೋಗದ ವರದಿ ಹಳೇ ಬೈಕಿಗೆ ನೂರಕ್ಕ 3-4 ಮೈಲೇಜ್ ಕಡಿಮಿ ಆಗತೈತಿ ಅಂತ ಬರದೈತಿ. ಅಂದ್ರ ನಿಮಗ ಎರಡು, ಎರಡೂವರಿ ಕಿಮೀ. ಉಳಿದ ಐದಾರು ಕಿಮೀ ಎಲ್ಲಿ ಹೋತು? ಚೈನ್ ಸಡ್ಲ ಇರತೈತಿ, ಏರ್ ಫಿಲ್ಟರಿನ್ಯಾಗ ತ್ವಾಟದ ಮಣ್ಣು ಕುಂತಿರತೈತಿ, ಹಿಂದಿನ ಟಾಯರಿನ್ಯಾಗ ಹವಾ ಇರೂದಿಲ್ಲ. ನನ್ನ ಕಡೆ ಬರೋ ಹತ್ತು ಗಾಡಿಯಾಗ ಏಳಕ್ಕ ಹವಾ ಕಡಿಮಿನ ಇರತೈತಿ. ರೈತ್ರು, ಹಾಲಿನವ್ರು, ನಿಮ್ಮಂಥವ್ರು, ಅಂದ್ರ ದುಡಿಯೋ ಗಾಡಿಗೋಳ ಸರ್ವಿಸ್ ಇಲ್ದ ಓಡಾಡ್ತಾವ, ಅದು ನನಗ ಭಾಳ ಬ್ಯಾಸರ ತರತೈತಿ.

ಎಥನಾಲ್ ನೀರು ಹೀರತೈತಿ. ಮಳಿಗಾಲದಾಗ ಟಾಕಿ ಅರ್ಧಾ ಖಾಲಿ ಇಟ್ಟು ಎಂಟು ದಿನ ಗಾಡಿ ನಿಲ್ಲಸಬ್ಯಾಡ್ರಿ. ನಿಮ್ಮದು 2017ರದು, ಕಾರ್ಬುರೇಟರಿಂದು. ಪೆಟ್ರೋಲ್ ಪೈಪು, ಒಳಗಿನ ರಬ್ಬರ್ ಬಿರತಾವೇನು ನೋಡಸ್ರಿ. ಎರಡು-ಮೂರು ನೂರದಾಗ ಬದಲಿ ಆಗತಾವ.

ಹೊಸಾ ಸ್ಪ್ಲೆಂಡರ್ ತಗೊಳ್ಳೂ ವಿಚಾರ ಇದ್ರ, 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕಿನ ಜಿಎಸ್‌ಟಿ 28ರಿಂದ 18ಕ್ಕ ಇಳದೈತಿ. ಆದ್ರ ನಿಮ್ಮ ಎಂಜಿನ್ನಿಗೆ ಇನ್ನೂ ಆಯುಷ್ಯ ಐತಿ. ಮಾರಬ್ಯಾಡ್ರಿ.

---

ಚೋರ್ಲಾ ಡ್ರೈವರ್:

ನಾ ಬೆಳಗಾವಿಯಾಂವ, ಗೋವಾಕ್ಕ ಬಾಡಿಗಿ ಓಡಸ್ತೀನಿ. ಗೋವಾದಾಗ ಪೆಟ್ರೋಲ್ ನಮಗಿಂತ ಆರೇಳು ರೂಪಾಯಿ ಕಡಿಮಿ, ಅದಕ್ಕ ಚೋರ್ಲಾ ಘಾಟ್ ಇಳದ ಮ್ಯಾಲ ಟಾಕಿ ತುಂಬಸ್ತೀವಿ. ನಿಪ್ಪಾಣಿ ಕಡೆ ಮಹಾರಾಷ್ಟ್ರದವ್ರು ನಮ್ಮಲ್ಲಿ ಬಂದು ತುಂಬಸ್ತಾರ. ತಿಕೋಟಾದವ್ರಿಗೆ ಎರಡೂ ಬದಿ ಲಾಭ ಇಲ್ಲ, ನಿಮ್ಮ ಗಡಿ ಆಚಿ ಮಹಾರಾಷ್ಟ್ರದ ಜತ್ತ, ಅಲ್ಲಿ ರೇಟ್ ಇನ್ನೂ ಜಾಸ್ತಿ.

ಸಿಎನ್‌ಜಿ ಬೈಕ್ ವಿಚಾರನೂ ಮಾಡ್ರಿ. 2024ರ ಜುಲೈಕ್ಕ ಬಜಾಜ್ ಫ್ರೀಡಮ್ ಬಂತು, 2 ಕೆಜಿ ಗ್ಯಾಸ್, 2 ಲೀಟರ್ ಪೆಟ್ರೋಲ್ ಹಿಡೀತೈತಿ. ಆದ್ರ ಪಂಪು ಊರ ಹತ್ರ ಇದ್ರಷ್ಟ ತಗೊಳ್ರಿ. ನನ್ನ ಕಾರು ಸಿಎನ್‌ಜಿ, ಒಂದೊಂದು ದಿನ ಪಾಳಿಯಾಗ ನಲವತ್ತು ನಿಮಿಷ ನಿಂತಿರ್ತೀನಿ.

---

ಜಲನಗರ ನಿವಾಸಿ:

ಪೆಟ್ರೋಲ್ ತುಟ್ಟಿ ಅಂತ ಎಲ್ಲರೂ ಬೈಯ್ತಾರೆ, ಆದರೆ ಆ ತೆರಿಗೆಯಲ್ಲೇ ನಮ್ಮ ಮನೆ ಹೆಂಗಸರು ಬಸ್ಸಿನಲ್ಲಿ ಪುಕ್ಕಟೆ ಓಡಾಡುತ್ತಿರುವುದು. 2024ರ ಜೂನ್ 15ಕ್ಕೆ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ 25.92ರಿಂದ 29.84ಕ್ಕೆ ಏರಿತು, ಲೀಟರಿಗೆ ಮೂರು ರೂಪಾಯಿ. ಅದಕ್ಕೆ ಮೊದಲು ಕೇಂದ್ರದವರು 2021ರ ನವೆಂಬರ್‌ನಲ್ಲಿ 5, 2022ರ ಮೇನಲ್ಲಿ 8 ರೂಪಾಯಿ ಅಬಕಾರಿ ಸುಂಕ ಇಳಿಸಿದ್ದರು. ಎರಡೂ ಕಡೆ ನೋಡಿ ಮಾತಾಡಬೇಕು. ಗಾಡಿ ಬಿಟ್ಟು ಬಸ್ ಹತ್ತುವ ಅಭ್ಯಾಸವನ್ನು ಗಂಡಸರೂ ಮಾಡಿಕೊಳ್ಳಲಿ.

---

ತಿಕೋಟಾ ಮೈತ್ರಿ:

ಜಲನಗರದವ್ರ, ನಿಮ್ಮ ಮಾತು ತೆಗೆದು ಹಾಕೂದಿಲ್ಲ. ನಮ್ಮವ್ವ 2023ರ ಜೂನಿಂದ ತಿಂಗಳಿಗೆ ಎರಡು ಸಲ ವಿಜಯಪುರಕ್ಕ ಕಣ್ಣಿನ ಡಾಕ್ಟರ್ ಕಡೆ ಬಸ್ಸಿನ್ಯಾಗ ಹೋಗಿ ಬರ್ತಾಳ, ಒಂದು ಪೈಸೆ ನನ್ನ ಕೇಳೂದಿಲ್ಲ. ಮೊದಲು ನನ್ನ ಬಿಡುವು ಕಾಯ್ಕೋತ ಕೂಡ್ತಿದ್ಲು. ಆ ಯೋಜನಾ ನಿಲ್ಲಬಾರದು ಅಂತ ನಾನೂ ಅಂತೀನಿ. ಆದ್ರ ಬಸ್ ಹತ್ತಾಕ ಬರದ ಕೆಲಸಾನೂ ಅದಾವು. ನೈಟ್ರೋಜನ್ ಕ್ಯಾನ್ ಹಿಡ್ಕೊಂಡು ಜನರ ನಡುವ ಹತ್ತಾಕ ಬರೂದಿಲ್ಲ, ಮುಚ್ಚಿದ ಜಾಗದಾಗ ಅದರ ಆವಿ ತುಂಬಿದ್ರ ಉಸಿರು ಕಟ್ಟತೈತಿ. ಮತ್ತ ವಸ್ತಿ ಮನಿ ಡಾಂಬರ್ ರಸ್ತಾದಿಂದ ಎರಡು ಕಿಮೀ ಒಳಗ ಇರತಾವ. ಮಜಾಕ್ಕ ಸುತ್ತಾಡೋ ಪೆಟ್ರೋಲೂ, ಹೊಟ್ಟಿಗಾಗಿ ಸುಡೋ ಪೆಟ್ರೋಲೂ ಒಂದ ರೇಟಿನ್ಯಾಗ ಅದಾವು, ನನ್ನ ಸಂಕಟ ಅಷ್ಟ.

ಗ್ಯಾರೇಜಿನವ್ರ, ನೀವು ಹೇಳಿದ್ದು ಖರೇ ಆತು. ಹೋದ ವಾರ ಫಿಲ್ಟರ್ ತೆಗಸಿದ್ರ ಒಂದು ಮುಷ್ಟಿ ಕೆಂಪು ಧೂಳು ಬಿತ್ತು. ಚೈನ್ ಬಿಗಸಿ, ಹವಾ ಹಾಕಿಸಿದ ಮ್ಯಾಲ 57 ಬರಾಕತ್ತೈತಿ.

ಇನ್ನ ನಾ ಒಂದು ಕೆಲಸ ಮಾಡಿದೆ. 15 ದಿನ ಎಲ್ಲಿಗೆ ಎಷ್ಟು ಹೋದೆ ಅಂತ ವಹಿಯಾಗ ಬರದೆ. ಒಟ್ಟು 1,275 ಕಿಮೀ. ಅದರಾಗ 810 ಕಿಮೀ ತಿಕೋಟಾ ಸುತ್ತಿನ ಹತ್ತಿರದ ಊರುಗಳಿಗೇ ಆಗೇತಿ. ಕನಮಡಿ, ಹೊನವಾಡದಂಥ ದೂರದ ಊರಿಗೆ ಆಗಿದ್ದು 465. ಇಷ್ಟು ವರ್ಷ ನಾ ದಿನಾ ದೂರದ ಊರಿಗೇ ಓಡಾಡ್ತೀನಿ ಅಂತ ತಿಳಕೊಂಡಿದ್ದೆ, ದೂರದ್ದು ಮಾತ್ರ ಮೈ ನೋಯಿಸತೈತಲ್ಲ, ಅದಕ್ಕ ಅದ ನೆನಪು ಇರತೈತಿ.

ಹತ್ತಿರದ್ದು ದಿನಕ್ಕ 54 ಕಿಮೀ ಅಂದ್ರ ದೊಡ್ಡ ಬ್ಯಾಟರಿ ಬೇಕಾಗಿಲ್ಲ. 2.2 ಕಿಲೋವ್ಯಾಟ್ ಅವರ್ ಬ್ಯಾಟರಿದು ಲಕ್ಷದ ಆಸುಪಾಸು ಬರತೈತಿ. ಮುಂಜಾನೆ ಸುತ್ತು ಮುಗಿಸಿ ಮಧ್ಯಾಹ್ನ ಮನಿಗೆ ಬಂದಾಗ ನೆರಳಿಗೆ ನಿಲ್ಲಿಸಿ ಮತ್ತ ಚಾರ್ಜಿಗೆ ಹಾಕಬಹುದು. ದೂರದ ಊರಿಗೆ, ನಸುಕಿನ ಫೋನಿಗೆ ಸ್ಪ್ಲೆಂಡರ್ ಇರತೈತಿ. ಹಂಗಾದ್ರ ಪೆಟ್ರೋಲು, ಕರೆಂಟು ಕೂಡಿ ತಿಂಗಳಿಗೆ 2,200ರ ಒಳಗ ಬರತೈತಿ. ಉಳಿಯೋ 2,600ರಾಗ ಸಾಲದ ಕಂತು ಕಟ್ಟಿದ್ರ ಮೂರು ವರ್ಷ ಕೈಯಾಗ ಹೆಚ್ಚೇನೂ ನಿಲ್ಲೂದಿಲ್ಲ, ಗೊತ್ತೈತಿ. ಆದ್ರ ಪಂಪಿಗೆ ಹೋಗಿ ಸುಡೋ ರೊಕ್ಕ ನನ್ನ ಗಾಡಿಯಾಗಿ ಮನಿ ಮುಂದ ನಿಂತಿರತೈತಿ. ಮಗಳ ಜೋಡಿ ಕುಂತು ಎರಡು ಸಲ ಲೆಕ್ಕ ಹಾಕೀನಿ. ಕಾಯಂ ಮಾಡೀನಿ, ತಗೋತೀನಿ.

ಮತ್ತ ಒಂದು ಮಾತು. ಈ ವಹಿ ತೋರಿಸಿ ಎರಡು ಊರಿನ ಹಾಲಿನ ಡೇರಿಯಾಗ ರೈತ್ರ ಮುಂದ ಮಾತಾಡಿದೆ. ದೂರದ ವಸ್ತಿಗೆ ಬಂದಾಗ ಪೆಟ್ರೋಲಿಗೆ ಅಂತ 20 ರೂಪಾಯಿ ಬ್ಯಾರೆ ಕೊಡಾಕ ಒಪ್ಪಿದ್ರು. ಒಬ್ಬ ಹಿರಿಯರು "ಇಷ್ಟು ದಿನ ಯಾಕ ಹೇಳಲಿಲ್ಲೋ ತಮ್ಮಾ" ಅಂದ್ರು.

ಈಗ ಉಳಿದಿದ್ದು ಕ್ಯಾನಿಂದು. ಸ್ಕೂಟರಿನ ಕಾಲಿಡೋ ಜಾಗದಾಗ ನೆಟ್ಟಗ ನಿಲ್ಲತೈತಿ, ತುಂಬಿದ್ರ ಐದಾರು ಕೆಜಿ ಅಷ್ಟ. ಆದ್ರ ಕೆಲವು ಗಾಡಿಗೆ ಬ್ಯಾಟರಿ ಅಲ್ಲೇ ಕೆಳಗ ಇರತೈತಿ. ಒಳಗಿನ ನೈಟ್ರೋಜನ್ ಮೈನಸ್ 196 ಡಿಗ್ರಿದು, ತೆಗ್ಗಿನ್ಯಾಗ ಜಿಗದಾಗ ಚೆಲ್ಲಿದ್ರ ಪ್ಲಾಸ್ಟಿಕ್ ಬಿರತೈತಿ. ಕಟಗಿ ಹಲಗಿ ಹಾಕಿ ಮ್ಯಾಲ ಕಬ್ಬಿಣದ ಬಳಿ ಕೂಡ್ರಿಸಿ ಬೆಲ್ಟ್ ಬಿಗೀಬೇಕು ಅಂತ ಮಾಡೀನಿ. ಈ ಕೆಲಸದವ್ರು ಯಾರರ ಹಂಗ ಮಾಡಿಸಿದ್ರ ಫೋಟೋ ಹಾಕ್ರಿ, ಬಳಿಯ ಅಳತಿನೂ ಬರೀರಿ. ಸೋಮವಾರ ವೆಲ್ಡಿಂಗ್ ಅಂಗಡಿಗೆ ಹೋಗಾಂವ ಅದೀನಿ.